'ಅಲೈನ್‌ಮೆಂಟ್'ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ (ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ). ಪಾತ್ರದ ಹಾಳೆಯನ್ನು ಕನ್ನಡಕ್ಕೆ ತಂದಿದ್ದೇವೆ, ನಾಳೆ ಪ್ರಿಂಟಿಗೆ ಕೊಡಬೇಕು. 'ಅಲೈನ್‌ಮೆಂಟ್' ಒಂದೇ ಬಾಕಿ, ಅಂದರೆ ಪಾತ್ರದ ನೀತಿ ಎಂಥದ್ದು ಅಂತ ಹೇಳುವ ಪದ. 'ಲಾಫುಲ್ ಗುಡ್' (ನಿಯಮ ಪಾಲಿಸುವ ಒಳ್ಳೆಯವರು), 'ಕೇಯಾಟಿಕ್ ಈವಿಲ್' (ನಿಯಮ ಲೆಕ್ಕಿಸದ ಕೆಟ್ಟವರು) ಹೀಗೆ ಒಂಬತ್ತು ಬಗೆ ಇವೆ. ಸುಮ್ನೆ 'ಧರ್ಮ' ಅಂತ ಹಾಕಬಹುದಾ?

---

ಹಾಕಿ, ಇನ್ನೇನು. ಧರ್ಮ, ಅಧರ್ಮ ಇರುವಾಗ ಹೊಸ ಪದ ಯಾಕೆ?

---

ದಯವಿಟ್ಟು ಬೇಡ. ಈ ಆಟದ 1974ರ ಮೊದಲ ಆವೃತ್ತಿಯಲ್ಲಿ ಇದ್ದಿದ್ದು ಲಾ, ನ್ಯೂಟ್ರಾಲಿಟಿ, ಕೇಯಾಸ್ ಮೂರೇ. ಒಳಿತು-ಕೆಡುಕು ಆಮೇಲೆ ಸೇರಿತು, 1978ರ ಆಟಗಾರರ ಕೈಪಿಡಿಯಲ್ಲಿ ಒಂಬತ್ತಾಯಿತು. ಲಾ-ಕೇಯಾಸ್ ಒಂದು ಅಳತೆ, ಒಳಿತು-ಕೆಡುಕು ಬೇರೆಯೇ ಅಳತೆ. 'ಧರ್ಮ'ದಲ್ಲಿ ಅವೆರಡೂ ಕಲಸಿಹೋಗುತ್ತವೆ.

ಚಿತ್ರದುರ್ಗದಲ್ಲಿ ನಾನು ಈ ಆಟ ಆಡಿಸುವಾಗ ಕಥೆಯಲ್ಲಿ ಹೀಗಾಯಿತು. ಕೋಟೆಯ ಕಿಂಡಿ ನೋಡಿಕೊಂಡು ಹೊರಟಿದ್ದ ಬೇಹುಗಾರ ಸೆರೆ ಸಿಕ್ಕ. ಪ್ಯಾಲಡಿನ್ (ಒಳಿತಿಗಾಗಿ ಹೋರಾಡ್ತೀನಿ ಅಂತ ಆಣೆ ಇಟ್ಟ ಯೋಧರ) ಪಾತ್ರ ಆಡುತ್ತಿದ್ದ ಹುಡುಗಿ 'ಎಲ್ಲ ಹೇಳು, ಬಿಟ್ಟುಬಿಡ್ತೀನಿ' ಅಂತ ಮಾತು ಕೊಟ್ಟು ಬಾಯಿ ಬಿಡಿಸಿದಳು. ಬಿಟ್ಟರೆ ಬೆಳಗಾಗೋದರೊಳಗೆ ದಂಡು ಒಳಗೆ ಬರುತ್ತೆ. ಮಾತು ಉಳಿಸೋದೂ ಧರ್ಮ, ಊರು ಉಳಿಸೋದೂ ಧರ್ಮ. ಆ 1978ರ ಕೈಪಿಡಿ ಪ್ರಕಾರ ಪ್ಯಾಲಡಿನ್ ಬೇಕಂತಲೇ ಕೆಡುಕು ಮಾಡಿದರೆ ಆ ಪಟ್ಟವೇ ಹೋಗುತ್ತದೆ. ಹಾಳೆಯಲ್ಲಿ ಬರೀ 'ಧರ್ಮ' ಅಂತಿದ್ದರೆ ಅವಳಿಗೆ ಏನು ತಿಳೀಬೇಕು? ಕಟ್ಟಳೆ ಒಂದು ಕಡೆ, ಒಳಿತು ಇನ್ನೊಂದು ಕಡೆ ಎಳೀತಿದೆ ಅಂತ ಕಂಡರೆ ತಾನೇ ಅವಳು ಯೋಚನೆ ಮಾಡೋದು!

ಅಲೈನ್‌ಮೆಂಟಿಗೆ 'ನಿಲುವು' ಹಾಕಿ. ಲಾಫುಲ್ ಗುಡ್ 'ಕಟ್ಟಳೆಯ ಒಳಿತು', ಕೇಯಾಟಿಕ್ ಗುಡ್ 'ಕಟ್ಟಿಲ್ಲದ ಒಳಿತು'. ಕಟ್ಟಳೆಯಲ್ಲಿ ಇರೋದು ನಮ್ಮ 'ಕಟ್ಟು' ಧಾತುವೇ. ಅದಕ್ಕೇ ಎರಡೂ ಜೋಡಿಯಾಗಿ ಕೂರುತ್ತವೆ.

---

'ಕಟ್ಟಿಲ್ಲದ' ಕನ್ನಡವೇ ಅಲ್ಲ. ಮತ್ತೆ 'ಪ್ಯಾಲಡಿನ್' ಹಾಗೇ ಇಟ್ಟುಕೊಂಡಿದ್ದೀರಲ್ಲ, ಅದೆಂಥ ಅಚ್ಚಗನ್ನಡ?

---

ಎರವಲು ಬೇಡ ಅಂತ ನಾನೆಲ್ಲಿ ಹೇಳಿದೆ ಸರ್? 'ಇಸ್ಪೀಟು' ಎರವಲೇ, ಯಾರಿಗೆ ತೊಂದರೆಯಾಗಿದೆ? 'ಧರ್ಮ'ವೂ ಸಂಸ್ಕೃತದಿಂದ ಬಂದಿದ್ದೇ. ಎರವಲು ಅಂತ ಅದನ್ನು ಬೇಡ ಅಂದಿದ್ದಲ್ಲ, ಇಲ್ಲಿ ಅರ್ಥ ಹೊಂದೋದಿಲ್ಲ ಅಂತ. ಪ್ಯಾಲಡಿನ್‌ಗೆ ಸರಿಯಾದ ಜೋಡಿ ನಮ್ಮಲ್ಲಿಲ್ಲ, ಇರಲಿ ಬಿಡಿ. ಒಳಿತು, ಕೆಡುಕು ಮನೆಮನೆಯಲ್ಲಿ ಆಡುವ ಪದಗಳು. ಅವನ್ನು ಬಿಟ್ಟು ಬೇರೆ ಕಡೆ ಹುಡುಕೋದು ನನಗೆ ಒಪ್ಪಿಗೆಯಿಲ್ಲ.

---

ಇಬ್ಬರಿಗೂ ಧನ್ಯವಾದ. 'ನಿಲುವು' ಗಟ್ಟಿ ಆಯ್ತು. ನ್ಯೂಟ್ರಲ್‌ಗೆ 'ನಡು' ಹಾಕಿದ್ದೇನೆ. 'ಕಟ್ಟಿಲ್ಲದ ಕೆಡುಕು' ಮಾತ್ರ ಹಾಳೆಯ ಚೌಕದಲ್ಲಿ ಹಿಡಿಸುತ್ತಿಲ್ಲ. ಇನ್ನೂ ಗಿಡ್ಡ ಪದ ಹೊಳೆದರೆ ರಾತ್ರಿಯೊಳಗೆ ತಿಳಿಸಿ.