ಪ್ರಶ್ನೋತ್ತರ: 1000 ವ್ಯಾಟ್ ಎಸ್‌ಎಂಪಿಎಸ್ ತಗೊಳ್ಳೋ ಮುಂಚೆ ಏನ್ ನೋಡ್ಬೇಕು?

ಪ್ರಶ್ನೆ: ನಮಸ್ಕಾರ ಸರ್, ನಾನು ದಾವಣಗೆರೆಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಈಗ ರೈಜನ್ 9 7950ಎಕ್ಸ್ ಪ್ರೊಸೆಸರ್ರು, ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು ಹಾಕಿ ಹೊಸ ಸಿಸ್ಟಮ್ ಕಟ್ಟಿಸ್ತಿದೀನಿ. ಅಂಗಡಿಯವ್ರು ಸಿಸ್ಟಮ್‌ಗೆ ಕರೆಂಟ್ ಕೊಡೋ ಒಂದು 1000 ವ್ಯಾಟ್ ಎಸ್‌ಎಂಪಿಎಸ್ ತೋರಿಸಿದ್ರು, ಹೆಸರೇ ಕೇಳಿಲ್ದಿರೋ ಕಂಪನಿ, ಗೋಲ್ಡ್ ಮಾಡೆಲ್‌ಗಿಂತ ಅರ್ಧ ರೇಟು. ಎರಡೂ 1000 ವ್ಯಾಟೇ ತಾನೇ ಅಂತಾರೆ. ಲೇಬಲ್‌ನಲ್ಲಿ 12 ವೋಲ್ಟ್ ಮುಂದೆ 62 ಆಂಪ್ ಅಂತಿದೆ. ತಗೋಬಹುದಾ?

ಉತ್ತರ: ಬೇಡ ಸರ್. ನೀವು ಲೇಬಲ್ ನೋಡಿದ್ದು ಬಹಳ ಒಳ್ಳೇದಾಯ್ತು, ಉತ್ತರ ಅಲ್ಲೇ ಇದೆ. 12ನ್ನ 62ರಿಂದ ಗುಣಿಸಿ, 744 ವ್ಯಾಟ್ ಬರುತ್ತೆ. ಈಗಿನ ಸಿಸ್ಟಮ್‌ನಲ್ಲಿ ಪ್ರೊಸೆಸರ್ರು, ಗ್ರಾಫಿಕ್ಸ್ ಕಾರ್ಡು ಎರಡೂ ಕರೆಂಟ್ ಎಳಿಯೋದು 12 ವೋಲ್ಟ್ ಲೈನಿಂದಾನೇ, 5 ಮತ್ತೆ 3.3 ವೋಲ್ಟ್‌ಗೆ ಅಷ್ಟೇನೂ ಕೆಲಸ ಇಲ್ಲ, ಅವನ್ನೆಲ್ಲ ಕೂಡಿಸಿ ಡಬ್ಬಿ ಮೇಲೆ 1000 ಅಂತ ಬರ್ದಿರ್ತಾರೆ. ನಿಜವಾದ 1000 ವ್ಯಾಟಿಂದರಲ್ಲಿ 12 ವೋಲ್ಟ್‌ಗೇ 83 ಆಂಪ್ ಇರುತ್ತೆ.

ನಿಮ್ ಲೆಕ್ಕ ನೋಡಿ, 4090ಗೆ 450, ಪ್ರೊಸೆಸರ್ ಫುಲ್ ಲೋಡಲ್ಲಿ 230, ಬೋರ್ಡು ಫ್ಯಾನು ಡಿಸ್ಕು ಅಂತ 100 ಇಟ್ಕೊಂಡ್ರೆ 780 ಆಯ್ತು. ಇದರ ಮೇಲೆ ಗ್ರಾಫಿಕ್ಸ್ ಕಾರ್ಡು ಕಣ್ಣು ಮಿಟುಕಿಸೋದ್ರೊಳಗೆ 450 ದಾಟಿ ಹೋಗಿ ವಾಪಸ್ ಬರುತ್ತೆ, ಸಾದಾ ಎಸ್‌ಎಂಪಿಎಸ್ ಆಗ ಗಾಬರಿಯಾಗಿ ಟ್ರಿಪ್ ಆಗುತ್ತೆ, ರೆಂಡರ್ ಮಧ್ಯ ಸಿಸ್ಟಮ್ ಠಪ್ ಅಂತ ಆಫ್. ಇದಕ್ಕೇ 2022ರಲ್ಲಿ ಎಟಿಎಕ್ಸ್ 3.0 ಅಂತ ಸ್ಟ್ಯಾಂಡರ್ಡ್ ಬಂತು, ಅದರ ಪ್ರಕಾರ ಮಾಡಿರೋದು 100 ಮೈಕ್ರೋಸೆಕೆಂಡ್ ಮಟ್ಟಿಗೆ ತನ್ನ ರೇಟಿಂಗಿನ ಎರಡರಷ್ಟು ಲೋಡ್ ತಡ್ಕೋಬೇಕು. ಆಮೇಲೆ ಬಂದ 3.1 ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದರ ಹೊಸ ಥರದ ಪವರ್ ಕನೆಕ್ಟರ್ ಕಾರ್ಡಿನ ಕಡೆಗೂ ಇದ್ರೆ, ಪೂರ್ತಿ ಕೂತಿಲ್ಲ ಅಂದ್ರೆ ಕಾರ್ಡಿಗೆ ಪವರ್ರೇ ಹೋಗಲ್ಲ. 4090 ಕನೆಕ್ಟರ್ ಕರಗಿದ ಕೇಸುಗಳಲ್ಲಿ ಅರ್ಧಂಬರ್ಧ ಸಿಕ್ಕಿಸಿದ್ದೂ ಒಂದು ಕಾರಣ. ಯಾವ್ದೇ ತಗೊಂಡ್ರೂ ಗಟ್ಟಿಯಾಗಿ ಒತ್ತಿ, ಬುಡದಲ್ಲೇ ವೈರ್ ಬಗ್ಗಿಸ್ಬೇಡಿ.

ಗೋಲ್ಡ್ ಅನ್ನೋದನ್ನೂ ಸರಿಯಾಗಿ ತಿಳ್ಕೊಳ್ಳಿ. ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಕೆಲಸಕ್ಕೆ ಬರುತ್ತೆ ಅನ್ನೋದು ಮಾತ್ರ ಅದು, ಅರ್ಧ ಲೋಡಲ್ಲಿ 90 ಪರ್ಸೆಂಟ್ ಆಸುಪಾಸು. ಒಳಗಿನ ಪ್ರೊಟೆಕ್ಷನ್ ಹೇಗಿದೆ, ಔಟ್‌ಪುಟ್ ಎಷ್ಟು ಶುದ್ಧವಾಗಿದೆ ಅಂತ ಅದು ಹೇಳಲ್ಲ.

ಪ್ರಶ್ನೆ: ತಂದ್ಮೇಲೆ ಚೆಕ್ ಮಾಡೋದು ಹೇಗೆ ಸರ್? ಹಸಿರು ವೈರಿಗೂ ಕಪ್ಪು ವೈರಿಗೂ ಪಿನ್ ಹಾಕಿ ಫ್ಯಾನ್ ತಿರುಗ್ಸಿ ತೋರಿಸ್ತಾರಲ್ಲ, ಅದು ಸಾಕಾ?

ಉತ್ತರ: ಅದರಿಂದ ಆನ್ ಆಗುತ್ತೆ ಅಂತ ಗೊತ್ತಾಗುತ್ತೆ, ಅಷ್ಟೇ. ಲೋಡ್ ಕೊಡ್ಬೇಕು. ಫರ್‌ಮಾರ್ಕ್, ಸಿನೆಬೆಂಚ್ ಅಂತ ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರ್ರಿಗೂ ಫುಲ್ ಲೋಡ್ ಕೊಡೋ ಸಾಫ್ಟ್‌ವೇರ್ ಇವೆ, ಎರಡೂ ಒಟ್ಟಿಗೆ ಅರ್ಧ ಗಂಟೆ ಓಡಿಸಿ, ಖಾಲಿ ಇರೋ ಮೊಲೆಕ್ಸ್ ಪಿನ್ನಲ್ಲಿ (ನಾಲ್ಕು ಪಿನ್ನಿನ ಹಳೇ ಥರದ ಪವರ್ ಪ್ಲಗ್) ಹಳದಿ ಕಪ್ಪು ವೈರ್ ಮಧ್ಯ ಮಲ್ಟಿಮೀಟರ್ ಹಿಡೀರಿ, ಪ್ರೋಬ್ ಒಂದಕ್ಕೊಂದು ತಾಗದಂಗೆ ಹುಷಾರು. 11.4ರಿಂದ 12.6ರೊಳಗೆ ಇರ್ಬೇಕು, ಆದ್ರೆ ನಾನು ಅದಕ್ಕಿಂತ ಜಾಸ್ತಿ ನೋಡೋದು ಸುಮ್ನೆ ಇದ್ದಾಗಿಗೂ ಲೋಡ್ ಬಿದ್ದಾಗಿಗೂ ಎಷ್ಟು ಇಳೀತು ಅಂತ. 12.1 ಇದ್ದಿದ್ದು 12.0 ಆದ್ರೆ ಸಂತೋಷ, 11.5ಕ್ಕೆ ಬಂತು ಅಂದ್ರೆ ವಾಪಸ್ ಕೊಡಿ. ಸಾಫ್ಟ್‌ವೇರ್ ತೋರ್ಸೋ ವೋಲ್ಟೇಜ್ ನಂಬ್ಬೇಡಿ. ರಿಪಲ್, ಅಂದ್ರೆ ಔಟ್‌ಪುಟ್ ವೋಲ್ಟೇಜ್‌ನಲ್ಲಿರೋ ಸಣ್ಣ ವೇಗದ ಏರಿಳಿತ, ಮಾತ್ರ ಮಲ್ಟಿಮೀಟರ್‌ಗೆ ಸಿಗಲ್ಲ, ಆಸಿಲೋಸ್ಕೋಪ್ ಬೇಕು, 12 ವೋಲ್ಟ್‌ಗೆ 120 ಮಿಲಿವೋಲ್ಟ್ ಮಿತಿ, ಅದಕ್ಕೆ ಆ ಮಾಡೆಲ್‌ನ ಲೋಡ್ ಟೆಸ್ಟ್ ಮಾಡಿರೋ ರಿವ್ಯೂ ಹುಡುಕಿ ಓದಿ.

ಇನ್ನೊಂದು, ಹಳೇ ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ (ಬಿಚ್ಚಿ ತೆಗೆಯೋಕಾಗೋದು) ಇದಕ್ಕೆ ಹಾಕ್ಲೇಬೇಡಿ. ಪ್ಲಗ್ ಸಲೀಸಾಗಿ ಕೂರುತ್ತೆ, ಒಳಗೆ ಪಿನ್ ಜೋಡಣೆ ಬೇರೆ ಇರುತ್ತೆ, ಡಿಸ್ಕ್ ಸುಟ್ಟು ನಿಮ್ ಕಸ್ಟಮರ್ ಮದುವೆ ಫುಟೇಜೇ ಹೋಗುತ್ತೆ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಂದು ಒಳ್ಳೆ ಕಂಪನಿ 850 ವ್ಯಾಟು, ಆದ್ರೂ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಪೀಸ್ ಕೆಟ್ಟಿದ್ಯಾ?

ಉತ್ತರ: ಬಹುಶಃ ಎಸ್‌ಎಂಪಿಎಸ್ ಸರಿಯಾಗೇ ಇದೆ ತಮ್ಮ, ನಿಮ್ಮನೆ ಅರ್ತಿಂಗ್ ಇಲ್ಲ. ನಾಯ್ಸ್ ಕಡಿಮೆ ಮಾಡೋಕೆ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಬಾಡಿ ಕಡೆಗೆ ಚಿಕ್ಕ ಕೆಪಾಸಿಟರ್ ಇಟ್ಟಿರ್ತಾರೆ, ಅರ್ತ್ ಇದ್ರೆ ಆ ಲೀಕೇಜ್ ಭೂಮಿಗೆ ಹೋಗುತ್ತೆ, ಇಲ್ಲಾಂದ್ರೆ ಬಾಡಿ ಮೇಲೆ ಸುಮಾರು ಅರ್ಧ ಮೇನ್ಸ್ ವೋಲ್ಟೇಜ್ ನಿಲ್ಲುತ್ತೆ. ನೀವೇ ಸಾಕೆಟ್‌ಗೆ ಕೈ ಹಾಕ್ಬೇಡಿ, ಎಲೆಕ್ಟ್ರಿಷಿಯನ್ ಕರ್ಸಿ ಫೇಸ್ ಮತ್ತೆ ಅರ್ತ್ ಮಧ್ಯ 230 ಹತ್ರ ಬರುತ್ತಾ, ನ್ಯೂಟ್ರಲ್ ಮತ್ತೆ ಅರ್ತ್ ಮಧ್ಯ ಎರಡು ಮೂರು ವೋಲ್ಟ್ ಒಳಗೇ ಇದ್ಯಾ ಅಂತ ನೋಡಕ್ ಹೇಳಿ. ಎಕ್ಸ್‌ಟೆನ್ಷನ್ ಬೋರ್ಡು ಎರಡು ಪಿನ್ನಿಂದಾದ್ರೆ ಮೊದ್ಲು ಅದನ್ನ ತೆಗೀರಿ, ರಿಪೇರಿ ಆಗೋ ತನಕ ಸಿಸ್ಟಮ್ ಆನ್ ಮಾಡ್ಬೇಡಿ. ಮನೇಲಿ ಮಕ್ಕಳಿದ್ರೆ ಇವತ್ತೇ ಕರ್ಸಿ.