ಜಲಾನಯನವೋ ಜಲವಿಭಾಜಕವೋ: ಪ್ರೇಹ್ ವಿಹಿಯರ್ ಗಡಿಯ ಪದಗಳು

ಪ್ರಶ್ನೆ: ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವಣ ಪ್ರೇಹ್ ವಿಹಿಯರ್ ದೇವಸ್ಥಾನದ ವ್ಯಾಜ್ಯದಲ್ಲಿ ಬರುವ ‘ವಾಟರ್‌ಶೆಡ್’ಗೆ ‘ಜಲಾನಯನ ರೇಖೆ’ ಎನ್ನಬಹುದೇ? ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ 1962ರ ತೀರ್ಪಿನ ‘ವಿಸಿನಿಟಿ’ಗೆ ಯಾವ ಪದ ಹೊಂದುತ್ತದೆ?

ಉತ್ತರ: ‘ಜಲಾನಯನ ರೇಖೆ’ ಬೇಡ. ಜಲಾನಯನ ಎಂದರೆ ಮಳೆನೀರು ಇಳಿದು ಒಂದೇ ಹೊಳೆಗೆ ಸೇರುವ ಇಡೀ ಪ್ರದೇಶ, ಹೆಕ್ಟೇರಿನಲ್ಲಿ ಅಳೆಯುವಂಥದ್ದು. ಬದು, ಚೆಕ್‌ಡ್ಯಾಮ್ ಕಟ್ಟಿಸುವ ನಮ್ಮ ಜಲಾನಯನ ಇಲಾಖೆಯ ಹೆಸರೂ ಅದೇ ಅರ್ಥದ್ದು. ಇಂಗ್ಲಿಷಿನ ಪದ ಪ್ರದೇಶಕ್ಕೂ ಸಲ್ಲುತ್ತದೆ, ಅದರ ಅಂಚಿನ ಎತ್ತರದ ಗೆರೆಗೂ ಸಲ್ಲುತ್ತದೆ. ಗೊಂದಲ ಹುಟ್ಟುವುದು ಇಲ್ಲೇ.

1904ರಲ್ಲಿ, ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರಾನ್ಸ್ ಮತ್ತು ಸಯಾಮ್ (ಇಂದಿನ ಥಾಯ್ಲೆಂಡ್) ಮಾಡಿಕೊಂಡ ಒಪ್ಪಂದದ ಫ್ರೆಂಚ್ ಪಾಠ ನೋಡಿದರೆ ವಿಷಯ ತಿಳಿಯಾಗುತ್ತದೆ. ಅಲ್ಲಿರುವುದು ‘ಲಿನ್ಯ್ ದ ಪಾರ್ತಾಜ್ ದೆಜ಼್ ಓ’, ಅಂದರೆ ನೀರು ಪಾಲಾಗುವ ಗೆರೆ. ಅದೇ ವಾಕ್ಯದಲ್ಲಿ ನದಿಗಳ ‘ಬಾಸಾಂ’ಗಳೂ, ಅಂದರೆ ಜಲಾನಯನಗಳೂ, ಬರುತ್ತವೆ. ಹಾಗಾಗಿ ಕನ್ನಡಕ್ಕೆ ಎರಡೂ ಪದ ಬೇಕು: ‘ಒಂದು ಕಡೆ ನಾಮ್ ಸೆನ್ ಮತ್ತು ಮೆಕಾಂಗ್, ಇನ್ನೊಂದು ಕಡೆ ನಾಮ್ ಮುನ್ ಜಲಾನಯನ, ಇವುಗಳ ನಡುವಣ ಜಲವಿಭಾಜಕ ರೇಖೆ.’ ಹೆಂಚಿನ ಮಾಡಿನ ನೆತ್ತಿಗೆ ಬಿದ್ದ ಮಳೆ ಎರಡೂ ಇಳಿಜಾರಿಗೆ ಹಂಚಿಹೋಗುತ್ತದಲ್ಲ, ಆ ನೆತ್ತಿಯೇ ಜಲವಿಭಾಜಕ. ಅಂದಹಾಗೆ, ದೇವಸ್ಥಾನವಿರುವ ಬೆಟ್ಟಸಾಲಿನ ಹೆಸರಾದ ‘ದಂಗ್ರೆಕ್’ಗೆ ಖಮೇರ್ ಭಾಷೆಯಲ್ಲಿ ಹೆಗಲ ಮೇಲೆ ಹೊರುವ ಅಡ್ಡೆ ಎಂದೇ ಅರ್ಥ. ಎಷ್ಟು ಚೆಂದ ಒಪ್ಪುತ್ತದೆ!

ಇನ್ನೊಂದು ತಪ್ಪು ಅನುವಾದಗಳಲ್ಲಿ ಸುಲಭವಾಗಿ ನುಸುಳುತ್ತದೆ: ‘ಜಲವಿಭಾಜಕದ ಆಧಾರದ ಮೇಲೆ ದೇವಸ್ಥಾನ ಕಾಂಬೋಡಿಯಾಕ್ಕೆ ಸಿಕ್ಕಿತು’ ಎಂಬುದು. ಹೇಗ್‌ನ ನ್ಯಾಯಾಲಯ 9–3ರ ಬಹುಮತದಿಂದ ಎತ್ತಿಹಿಡಿದದ್ದು ನಕ್ಷೆಯನ್ನು. ದೇವಸ್ಥಾನವನ್ನು ಕಾಂಬೋಡಿಯಾದ ಕಡೆ ತೋರಿಸಿ ಫ್ರೆಂಚ್ ಅಧಿಕಾರಿಗಳು ಬರೆದ ಆ ನಕ್ಷೆ 1908ರಲ್ಲಿ ಸಯಾಮಿನ ಕೈಸೇರಿತ್ತು, ದಶಕಗಟ್ಟಲೆ ಆ ದೇಶ ತಕರಾರು ತೆಗೆದಿರಲಿಲ್ಲ. ನಿಜವಾದ ಜಲವಿಭಾಜಕ ಎಲ್ಲಿದೆ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲೇ ಇಲ್ಲ.

‘ವಿಸಿನಿಟಿ’ಗೆ ‘ಆಸುಪಾಸು’ ಸರಿ. ‘ಸುತ್ತಮುತ್ತ’ ಎಂದರೆ ನಾಲ್ಕೂ ದಿಕ್ಕು ಬಂದುಬಿಡುತ್ತದೆ, ಆದರೆ ಅಲ್ಲಿ ಮೂರು ಕಡೆ ಕಡಿದಾದ ಪ್ರಪಾತ. ‘ಪರಿಸರ’ ಬರೆದರೆ ಓದುಗರ ಮನಸ್ಸು ಗಿಡಮರದತ್ತ ಹೋಗುತ್ತದೆ. ದೇವಸ್ಥಾನ ಮತ್ತು ಅದರ ‘ವಿಸಿನಿಟಿ’ಯಿಂದ ಥಾಯ್ ಪಡೆಗಳು ಹಿಂದೆ ಸರಿಯಬೇಕೆಂದ 1962ರ ತೀರ್ಪು, ಎಷ್ಟು ದೂರ ಎಂದು ಬಿಡಿಸಿ ಹೇಳಿರಲಿಲ್ಲ. ‘ಆಸುಪಾಸು’ ಆ ಅಸ್ಪಷ್ಟತೆಯನ್ನು ಹಾಗೆಯೇ ಉಳಿಸುತ್ತದೆ. 2013ರ ನವೆಂಬರ್ 11ರಂದು ನ್ಯಾಯಾಲಯವೇ ಅದಕ್ಕೆ ಎಲ್ಲೆ ಹಾಕಿತು: ಇಡೀ ‘ಪ್ರೊಮೊಂಟರಿ’. ಇದಕ್ಕೆ ‘ಭೂಶಿರ’ ಎಂದರೆ ಸಮುದ್ರ ನೆನಪಾಗುತ್ತದೆ, ಇಲ್ಲಿ ಕೆಳಗಿರುವುದು ಬಯಲು. ‘ಬೆಟ್ಟದ ಚಾಚು’ ಎನ್ನಿ. ಪಕ್ಕದ ಪ್ನೋಮ್ ಟ್ರಾಪ್ ಗುಡ್ಡ ಆ ಚಾಚಿಗೆ ಸೇರುವುದಿಲ್ಲ.