ಹಳೆಯ ಪೋರ್ಷೆ 911ರ ಆಯಿಲ್ ಕೂಲರ್ ಮತ್ತು ಸೋರಿಕೆ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ

ನನ್ನ ಬಳಿ 1981ರ ಪೋರ್ಷೆ 911 ಎಸ್‌ಸಿ ಇದೆ. ವಾಹನ ದಟ್ಟಣೆಯಲ್ಲಿ ಹದಿನೈದು ನಿಮಿಷ ಸಿಕ್ಕಿಕೊಂಡರೆ ಆಯಿಲ್ ಉಷ್ಣತೆಯ ಮುಳ್ಳು 120 ಡಿಗ್ರಿಯ ಹತ್ತಿರ ಹೋಗುತ್ತದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈಯಗಲ ಆಯಿಲ್ ಕಲೆ ಇರುತ್ತದೆ. ಮುಂಭಾಗದ ಕೂಲರನ್ನು ತೆಗೆದು ದೊಡ್ಡದನ್ನು ಹಾಕಿಸುವ ಯೋಚನೆಯಿದೆ. ಫ್ಲೈವೀಲ್ (ಎಂಜಿನ್ನಿನ ಗೇರ್‌ಬಾಕ್ಸ್ ಕಡೆಯ ಭಾರದ ಚಕ್ರ) ಬದಿಯ ಸೀಲ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ. ಈ ಕೆಲಸಗಳನ್ನು ಮಾಡಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1

ನನ್ನದೂ ಇದೇ ಮಾದರಿಯ ಕಾರು. ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ನೀವು ಎರಡು ಕೆಲಸಗಳ ಬಗ್ಗೆ ಕೇಳಿದ್ದೀರಿ, ಆದರೆ ಗಾಳಿಯಿಂದ ತಣಿಯುವ ಈ ಎಂಜಿನ್ನಿನಲ್ಲಿ ಅವೆರಡೂ ಒಂದೇ ಕೆಲಸ. ಸೋರಿದ ಆಯಿಲ್ ಸಿಲಿಂಡರುಗಳ ರೆಕ್ಕೆಗಳ ಮೇಲೂ ಎಂಜಿನ್ನಿಗೇ ಜೋಡಿಸಿರುವ ಮೊದಲ ಕೂಲರಿನ ಸಂದುಗಳಲ್ಲೂ ಹರಡಿ, ಧೂಳನ್ನು ಹಿಡಿದುಕೊಂಡು, ಕಂಬಳಿ ಹೊದಿಸಿದಂತೆ ಗಟ್ಟಿಯಾಗುತ್ತದೆ. ಅದರಿಂದ ಬಿಸಿ ಏರುತ್ತದೆ, ಬಿಸಿಗೆ ರಬ್ಬರ್ ರಿಂಗುಗಳು ಗಡುಸಾಗುತ್ತವೆ, ಆಗ ಸೋರಿಕೆ ಇನ್ನೂ ಹೆಚ್ಚುತ್ತದೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಕೂಲರನ್ನು ಮಾತ್ರ ದೊಡ್ಡದು ಮಾಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ಲೈವೀಲ್ ಸೀಲ್ ಹೋಗಿದೆ ಎಂದು ನನಗೂ ಹೇಳಿದ್ದರು, ಮತ್ತು ನಾನೂ ನಂಬಿದ್ದೆ. ಈ ಎಂಜಿನ್ನಿನ ಮೇಲ್ಭಾಗದಲ್ಲಿ, ಫ್ಲೈವೀಲ್ ಕಡೆಗೆ, ಕೈ ಸುಲಭವಾಗಿ ಹೋಗದ ಒಂದು ಮೂಲೆಯಲ್ಲಿ ಆಯಿಲ್ ಪ್ರೆಷರ್ ಸ್ವಿಚ್ಚು, ಎಂಜಿನ್ ಥರ್ಮೋಸ್ಟಾಟಿನ ಓ-ರಿಂಗು ಮತ್ತು ಬ್ರೀದರ್ (ಎಂಜಿನ್ನಿನೊಳಗಿನ ಆವಿ ಹೊರಹೋಗುವ ದಾರಿ) ಮುಚ್ಚಳದ ಗ್ಯಾಸ್ಕೆಟ್ಟು ಈ ಮೂರೂ ಒಟ್ಟಿಗೆ ಇವೆ. ಇವುಗಳಲ್ಲಿ ಯಾವುದೊಂದು ಸೋರಿದರೂ ಆಯಿಲ್ ಎಂಜಿನ್ನು ಮತ್ತು ಗೇರ್‌ಬಾಕ್ಸು ಕೂಡುವ ಜಾಗಕ್ಕೆ ಇಳಿದು, ಸೀಲ್ ಹೋದಾಗ ತೊಟ್ಟಿಕ್ಕುವ ಸ್ಥಳದಲ್ಲೇ ತೊಟ್ಟಿಕ್ಕುತ್ತದೆ. ಹಾಗಾಗಿ ಮೊದಲು ಆಲ್ಟರ್ನೇಟರನ್ನೂ ವೈರಿಂಗನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಇಡೀ ಎಂಜಿನ್ನನ್ನು ಡಿಗ್ರೀಸರಿನಿಂದ ತೊಳೆಸಿ, ಒಣಗಿಸಿ, ಆಯಿಲ್‌ಗೆ ಹೊಳೆಯುವ ಬಣ್ಣದ ಡೈ ಬೆರೆಸಿ ಅರ್ಧ ಗಂಟೆ ಓಡಿಸಿ. ನಾನು ಕತ್ತಲಾದ ಮೇಲೆ ಸಣ್ಣ ಕನ್ನಡಿಯೊಂದನ್ನು ಆ ಮೂಲೆಗೆ ಒಡ್ಡಿ ನೇರಳಾತೀತ ಟಾರ್ಚು ಬಿಟ್ಟಾಗ, ಪ್ರೆಷರ್ ಸ್ವಿಚ್ಚಿನ ಬುಡದಿಂದ ಹಳದಿ-ಹಸಿರು ಗೆರೆಯೊಂದು ಕೇಸಿನ ಮೇಲೆ ಕೆಳಗಿಳಿದಿರುವುದು ಕಂಡಿತು. ಫ್ಲೈವೀಲ್ ಸೀಲ್ ಒಣಗಿಯೇ ಇತ್ತು. ಆ ಮೂಲೆಗೆ ಕೈ ತಲುಪಲು ಎಂಜಿನ್ನನ್ನು ಸ್ವಲ್ಪ ಕೆಳಗಿಳಿಸಬೇಕಾದೀತು. ಇಳಿಸಿದ ಮೇಲೆ ಮೂರನ್ನೂ ಒಟ್ಟಿಗೆ ಬದಲಿಸಿಬಿಡಿ.

ಸೋರುವ ಇನ್ನೊಂದು ಜಾಗವೆಂದರೆ, ಸಿಲಿಂಡರ್ ಹೆಡ್ಡಿನಿಂದ ಆಯಿಲನ್ನು ಎಂಜಿನ್ ಕೇಸಿಗೆ ಮರಳಿಸುವ ರಿಟರ್ನ್ ಟ್ಯೂಬುಗಳು. ಒಂದೊಂದು ಬದಿಗೆ ಎರಡರಂತೆ ನಾಲ್ಕಿವೆ. ಹೀಟರ್ ಹಾಕಿದಾಗ ಕಾರಿನೊಳಗೆ ಸುಟ್ಟ ಆಯಿಲ್ ವಾಸನೆ ಬರುತ್ತಿದ್ದರೆ ಮೊದಲು ಇವನ್ನು ನೋಡಿ, ಏಕೆಂದರೆ ಇವುಗಳಿಂದ ಬಿದ್ದ ಹನಿ ನೇರವಾಗಿ ಕೆಳಗಿರುವ, ಕಾರಿನೊಳಗೆ ಬರುವ ಗಾಳಿಯನ್ನು ಬಿಸಿ ಮಾಡುವ ಹೀಟ್ ಎಕ್ಸ್‌ಚೇಂಜರಿನ ಮೇಲೆ ಬೀಳುತ್ತದೆ. ಎರಡು ತುಂಡುಗಳಾಗಿ ಬಂದು ಒಂದರೊಳಗೊಂದು ಜಾರುವ ಟ್ಯೂಬುಗಳು ಸಿಗುತ್ತವೆ. ಅವನ್ನು ಹಾಕಲು ಸಿಲಿಂಡರ್ ಹೆಡ್ ಬಿಚ್ಚಬೇಕಾಗಿಲ್ಲ. ಓ-ರಿಂಗ್ ಬಿಸಿ ತಡೆಯುವ ವೈಟಾನ್ ರಬ್ಬರಿನದೇ ಇರಲಿ. ವಾಲ್ವ್ ಕವರಿನ ಗ್ಯಾಸ್ಕೆಟ್ಟು ಸುಲಭದ ಕೆಲಸ, ಅದನ್ನು ಹೇಗೂ ಮಾಡಿಸುತ್ತೀರಿ.

ಈಗ ಕೂಲರಿನ ವಿಷಯ. ಬಲಗಡೆಯ ಹಿಂಬದಿ ಚಕ್ರದ ಗೂಡಿನಲ್ಲಿ ಇನ್ನೊಂದು ಥರ್ಮೋಸ್ಟಾಟ್ ಇದೆ. ಆಯಿಲ್ ಸುಮಾರು 85 ಡಿಗ್ರಿ ದಾಟಿದ ಮೇಲೆ ಅದು ತೆರೆದುಕೊಂಡು, ಬಾಗಿಲಿನ ಕೆಳಗಿನ ಉದ್ದನೆಯ ಪೈಪುಗಳ ಮೂಲಕ ಆಯಿಲನ್ನು ಮುಂದಿನ ಕೂಲರಿಗೆ ಕಳಿಸುತ್ತದೆ. ಹೊಸ ಕೂಲರ್ ಕೊಳ್ಳುವ ಮೊದಲು, ಮುಳ್ಳು 100 ಡಿಗ್ರಿಗೆ ಬಂದಾಗ ಗಾಡಿ ನಿಲ್ಲಿಸಿ ಆ ಪೈಪಿನ ಮೇಲೆ ಎಚ್ಚರಿಕೆಯಿಂದ ಕೈಯಿಡಿ. ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಎಂದರ್ಥ, ಮತ್ತು ಎಷ್ಟು ದೊಡ್ಡ ಕೂಲರ್ ಹಾಕಿದರೂ ಅದರಿಂದ ಪ್ರಯೋಜನವಿಲ್ಲ. ಪೈಪು ಬಿಸಿಯಾಗಿದ್ದರೆ ಕೊರತೆ ಇರುವುದು ಗಾಳಿಯಲ್ಲಿ. ಹಳೆಯ ಕೂಲರ್ ಬಾಗಿಸಿದ ಕೊಳವೆಯಷ್ಟೇ ಆದ್ದರಿಂದ ಗಾಡಿ ಓಡುವಾಗ ಮಾತ್ರ ಚೆನ್ನಾಗಿ ತಣಿಸುತ್ತದೆ. ನಂತರದ 3.2 ಕರೇರಾದಲ್ಲಿ ಬಂದ ರೇಡಿಯೇಟರ್ ನಮೂನೆಯ ಕೂಲರನ್ನು ಫ್ಯಾನಿನ ಸಮೇತ ಹಾಕಿದ ಮೇಲೆ ನನ್ನ ಗಾಡಿಯ ಮುಳ್ಳು ದಟ್ಟಣೆಯಲ್ಲೂ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಂತ ಗಾಡಿಯಲ್ಲಿ ಕೂಲರಿನ ಗಾತ್ರಕ್ಕಿಂತ ಫ್ಯಾನೇ ಹೆಚ್ಚು ಕೆಲಸ ಮಾಡುತ್ತದೆ.

ಈ ಕೆಲಸದಲ್ಲಿ ನಿಜವಾದ ಕಷ್ಟ ಪೈಪುಗಳನ್ನು ಥರ್ಮೋಸ್ಟಾಟಿಗೆ ಕೂಡಿಸುವ ನಟ್ಟುಗಳದು. ಥರ್ಮೋಸ್ಟಾಟಿನ ಮೈ ಅಲ್ಯುಮಿನಿಯಮ್ಮಿನದು. ನಾಲ್ಕು ದಶಕ ನೀರು ಕೆಸರು ಕುಡಿದ ನಟ್ಟು ಅದಕ್ಕೆ ಕಚ್ಚಿಕೊಂಡಿರುತ್ತದೆ. ನಾನು ಮೂರು ದಿನ ತುಕ್ಕು ಬಿಡಿಸುವ ಆಯಿಲ್ ಹಾಕಿ, ಬಿಸಿ ಮಾಡಿ, ಎರಡು ಸ್ಪ್ಯಾನರ್ ಹಿಡಿದು ತಿರುಗಿಸಿದರೂ ಒಂದು ನಟ್ಟು ಮಾತ್ರ ಜಗ್ಗಲಿಲ್ಲ. ಹಠದಲ್ಲಿ ಇನ್ನಷ್ಟು ಬಲ ಹಾಕಿದಾಗ ಥ್ರೆಡ್ಡೇ ಸುಲಿದುಕೊಂಡು ಬಂದು ಥರ್ಮೋಸ್ಟಾಟ್ ಹಾಳಾಯಿತು. ಆ ನಟ್ಟನ್ನು ಸಣ್ಣ ಕಟರಿನಿಂದ ಉದ್ದಕ್ಕೆ ಸೀಳಿದ್ದರೆ ದುಬಾರಿಯ ಥರ್ಮೋಸ್ಟಾಟ್ ಉಳಿಯುತ್ತಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ. ನೀವು ನಟ್ಟನ್ನೇ ಬಲಿ ಕೊಡಿ.

ಉತ್ತರ 2

ನನ್ನದು 1972ರ ಎಂಜಿಬಿ ಎಂಬ ಬ್ರಿಟಿಷ್ ಕಾರು. ಕಾರು ಬೇರೆಯಾದರೂ ಹೊಸ ಹೋಸುಗಳನ್ನು ಹಾಕಿಸುವ ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ. ನನ್ನ ಹೊಸ ಕೂಲರ್ ಮೊದಲ ದಿನವೇ ಸೋರಿತು. ನಟ್ಟು ಬಿಗಿ ಮಾಡಿದಷ್ಟೂ ಹನಿ ಹೆಚ್ಚಾಯಿತು. ಬಿಚ್ಚಿ ನೋಡಿದಾಗ, ಬ್ರಿಟಿಷ್ ಬಿಎಸ್‌ಪಿ ನಮೂನೆಯ ಬಾಯಿಗೆ ಎಎನ್ ನಮೂನೆಯ ಹೋಸನ್ನು ಸೇರಿಸಿದ್ದರು. ಇವು ಪೈಪು ಜೋಡಣೆಯ ಎರಡು ಬೇರೆ ಬೇರೆ ಮಾನದಂಡಗಳು. ಅರ್ಧ ಇಂಚಿನ ಬಿಎಸ್‌ಪಿ ಮತ್ತು ಎಎನ್-10 ಎರಡರಲ್ಲೂ ಇಂಚಿಗೆ 14 ಥ್ರೆಡ್ ಇರುವುದರಿಂದ ನಟ್ಟು ಸಡಿಲವಾಗಿಯಾದರೂ ಹತ್ತಿಕೊಳ್ಳುತ್ತದೆ. ಆದರೆ ಒಳಗಿನ ಇಳಿಜಾರು ಒಂದರಲ್ಲಿ 30 ಡಿಗ್ರಿ, ಇನ್ನೊಂದರಲ್ಲಿ 37 ಡಿಗ್ರಿ. ಎರಡೂ ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತವೆ, ಅಲ್ಲಿಂದಲೇ ಆಯಿಲ್ ಹೊರಬರುತ್ತದೆ. ಇದಕ್ಕೆ ಪ್ಲಂಬಿಂಗ್ ಟೇಪ್ ಸುತ್ತಬೇಡಿ, ಅದರ ಚೂರು ಆಯಿಲ್ ದಾರಿಗೆ ಹೋದೀತು. ಸರಿಯಾದ ಅಡಾಪ್ಟರ್ ತರಿಸಿ ಹಾಕಿದ ಮೇಲೆ, ಸಾಧಾರಣ ಬಿಗಿಯಲ್ಲೇ ಜೋಡಣೆ ಒಣಗಿ ನಿಂತಿದೆ. ಹೋಸು ತಗಡಿನ ತೂತಿನಲ್ಲಿ ಹಾದುಹೋಗುವ ಕಡೆ ರಬ್ಬರ್ ಗ್ರಾಮೆಟ್ ಹಾಕಿಸಲು ಮರೆಯಬೇಡಿ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಹಿಂದೆ ಯಾವಾಗಲಾದರೂ ನಿಮ್ಮ ಎಂಜಿನ್ನಿನ ಬೇರಿಂಗ್ ಹೋಗಿದ್ದರೆ ಹಳೆಯ ಕೂಲರನ್ನು ಮತ್ತೆ ಬಳಸಬೇಡಿ. ಒಳಗೆ ಉಳಿದ ಲೋಹದ ಪುಡಿಯನ್ನು ಎಷ್ಟು ತೊಳೆದರೂ ಪೂರ್ತಿ ತೆಗೆದೆವೆಂದು ನಂಬಲಾಗುವುದಿಲ್ಲ.

ಎರಡನೆಯದು ಆಯಿಲ್ ಮಟ್ಟ. ಹೊಸ ಕೂಲರ್ ಹಿಡಿಯುವಷ್ಟು ಆಯಿಲ್ ಹೆಚ್ಚಾಗಿ ಬೇಕಾಗುತ್ತದೆ. ಆದರೆ 911ರಲ್ಲಿ ಆಯಿಲ್ ಇರುವುದು ಪ್ರತ್ಯೇಕ ಟ್ಯಾಂಕಿನಲ್ಲಿ, ಹಾಗಾಗಿ ಎಂಜಿನ್ ಆರಿಸಿ ನೋಡಿದ ಅಳತೆಯನ್ನು ನಂಬಬೇಡಿ. ಗಾಡಿಯನ್ನು ಚೆನ್ನಾಗಿ ಓಡಿಸಿ, ಮುಂದಿನ ಕೂಲರಿನವರೆಗೂ ಬಿಸಿ ಆಯಿಲ್ ತಲುಪಿದ ಮೇಲೆ, ಸಮತಟ್ಟಾದ ನೆಲದಲ್ಲಿ ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗಲೇ ಡಿಪ್‌ಸ್ಟಿಕ್ ಎಳೆದು ನೋಡಿ, ಅರ್ಧರ್ಧ ಲೀಟರಿನಂತೆ ಸುರಿಯಿರಿ. ತಣ್ಣಗಿದ್ದಾಗ ಕಡಿಮೆಯಿದೆ ಎಂದು ತುಂಬಿಸಿದ ಆಯಿಲ್, ಬಿಸಿಯಾದಾಗ ಬ್ರೀದರ್ ಹೋಸಿನ ಮೂಲಕ ಏರ್ ಫಿಲ್ಟರಿಗೆ ಬರುತ್ತದೆ. ಆಗ ಹಿಂದಿನಿಂದ ಹೊಗೆ ಏಳುವುದಷ್ಟೇ ಅಲ್ಲ, ತೊಳೆದು ಚೊಕ್ಕ ಮಾಡಿದ ಎಂಜಿನ್ನಿನ ಮೇಲೂ ಮತ್ತೆ ಆಯಿಲ್ ಕಾಣಿಸಿಕೊಂಡು, ಸರಿಯಾದ ಸೀಲುಗಳೇ ಸೋರುತ್ತಿವೆ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ.